ತೇಲಿದ ಬೊಂಬೆ, ಮುಳುಗಿದ ಪುಸ್ತಕ

ನಮ್ಮ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಕಪ್ಪು ಮಗ್ ಇದೆ. ಮಾಯದ ಮಗ್ ಎಂದು ಅದರ ಡಬ್ಬದ ಮೇಲೆ ಬರೆದಿತ್ತು. ಬಿಸಿ ಕಾಫಿ ಸುರಿದರೆ ಕಪ್ಪು ಬಣ್ಣ ಕರಗಿ, ಹಿಮ ಬಿದ್ದ ಬಂದರೊಂದು, ಅದರ ಕಟ್ಟೆಯ ಮೇಲೆ ಲಾಂದ್ರ ಹಿಡಿದು ನಿಂತ ಹುಡುಗಿಯೊಬ್ಬಳು ಮೂಡಬೇಕು. ಕಾಫಿ ಆರಿದ ಹಾಗೆ ಅವಳು ಮತ್ತೆ ಕತ್ತಲಿಗೆ ಸರಿಯಬೇಕು. ಇದನ್ನು ಮಾಡಿದವರು ಚಳಿಯ ದೇಶದವರೇ ಇರಬೇಕು. ವಿಶಾಖಪಟ್ಟಣದ ಮೇ ತಿಂಗಳನ್ನು ಅವರು ಕಂಡವರಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಗೆ ಬಿತ್ತೆಂದರೆ ಸಾಕು, ಖಾಲಿ ಮಗ್ಗಿನ ಮೇಲೆ ಆ ಹುಡುಗಿ ಯಾರ ಅಪ್ಪಣೆಗೂ ಕಾಯದೆ ಎದ್ದು ನಿಲ್ಲುತ್ತಿದ್ದಳು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಮಾಯವೂ ಕೆಟ್ಟಿತು. ಈಗ ಅವಳ ಅರ್ಧ ಮುಖ ಸದಾ ಕಾಣುತ್ತದೆ, ಉಳಿದರ್ಧ ಕುದಿಯುವ ನೀರು ಹೊಯ್ದರೂ ಬರುವುದಿಲ್ಲ. ಅದರಲ್ಲಿ ಚಮಚ ಹಾಕಿಟ್ಟಿದ್ದೇನೆ. ಎಸೆಯಲು ಮನಸ್ಸಿಲ್ಲ, ಬಂದವರು ಇದೇನು ಎಂದು ಕೇಳಿದರೆ ಹೇಳಲು ನಾಚಿಕೆ.

ಹುಡುಗಿಯ ಹೆಸರು ನೇರಿ. ಆರು ಸಂಪುಟಗಳ ಒಂದು ಇಂಗ್ಲಿಷ್ ಕಾದಂಬರಿ ಸರಣಿಯ ನಾಯಕಿ. ಸರಣಿಯ ಹೆಸರನ್ನು ನಾನು ನನ್ನ ಅನುಕೂಲಕ್ಕೆ 'ಹಿಮಬಂದರು' ಎಂದು ಕನ್ನಡ ಮಾಡಿಕೊಂಡಿದ್ದೇನೆ. ತಿಪಟೂರಿನಲ್ಲಿ ಹುಟ್ಟಿ, ಮದುವೆಯಾಗುವವರೆಗೂ ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ನೋಡಿದ್ದ ನಾನು ನೌಕಾಪಡೆಯವರ ಹೆಂಡತಿಯಾಗಿ, ಬಾಣಂತನ ಮುಗಿಸಿಕೊಂಡು, ಈ ಊರಿಗೆ ಬಂದೆ. ಬಂದು ಪಾತ್ರೆ ಪಡಗ ಜೋಡಿಸುವಷ್ಟರಲ್ಲಿ ನಮ್ಮೆಜಮಾನರು ಹಡಗು ಹತ್ತಿ ಹೊರಟುಹೋದರು. ತೆಲುಗು ಬಾರದು, ಹಿಂದಿ ತಡವರಿಸುತ್ತದೆ, ಕೈಯಲ್ಲಿ ಹಾಲು ಕುಡಿಯುವ ಕೂಸು. ಆಗ ಕ್ವಾರ್ಟರ್ಸಿನ ಲೈಬ್ರರಿಯಲ್ಲಿ ಈ ಸರಣಿಯ ಮೊದಲ ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲೇ ಬಂದರಿನ ಕಟ್ಟೆಯ ಮೇಲೆ ಒಬ್ಬಳು ಹಡಗು ಕಾಯುತ್ತ ನಿಂತಿದ್ದಳು. ಇನ್ನೇನು ಬೇಕು ಹೇಳಿ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಪುಸ್ತಕ, ಒಲೆಯ ಮೇಲೆ ಉಕ್ಕಿಹೋದ ಹಾಲು: ಆ ವರ್ಷ ಹಾಗೆಯೇ ಕಳೆಯಿತು. ನೇರಿ ಇಲ್ಲದಿದ್ದರೆ ನಾನು ತಿಪಟೂರಿಗೆ ರೈಲು ಹತ್ತಿಬಿಡುತ್ತಿದ್ದೆನೋ ಏನೋ.

ಅಷ್ಟಕ್ಕೇ ನಿಂತಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ಪುಸ್ತಕ ಓದಿದೆ, ಕಣ್ಣೀರು ಹಾಕಿದೆ, ಮುಗಿಯಿತು ಎಂದು ಇರಬೇಕಾದವಳು ಸಾಮಾನು ಕೊಳ್ಳಲು ಶುರು ಮಾಡಿದೆ.

ಮೊದಲಿಗೆ ಬಂದದ್ದು ಕೀಚೈನು, ಲಾಂದ್ರದ ಆಕಾರದ್ದು. ಸಮುದ್ರದ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬೀಗದ ಕೈಯನ್ನೂ ಕೆಡಿಸಿತು. ಆಮೇಲೆ ಉಣ್ಣೆಯ ಮಫ್ಲರು, ನೇರಿಯ ಬಂದರಿನ ಬಣ್ಣದ್ದು. ಈ ಊರಲ್ಲಿ ಮಫ್ಲರು ಎಲ್ಲಿ ಹಾಕುತ್ತೀರಿ? ಅದಕ್ಕೋಸ್ಕರವೇ ಡಿಸೆಂಬರಿನಲ್ಲಿ ಅರಕು ಬೆಟ್ಟಕ್ಕೆ ಹೋದೆವು. ಅಲ್ಲಿಯೂ ಹತ್ತು ಗಂಟೆಗೆಲ್ಲ ಬಿಸಿಲು ಬಂತು. ಫೋಟೋ ತೆಗೆಸಿಕೊಳ್ಳುವವರೆಗೆ ಕುತ್ತಿಗೆ ತುರಿಸಿಕೊಳ್ಳುತ್ತ ನಿಂತಿದ್ದೆ. ಇನ್ನೊಂದು ಮೇಣದ ಬತ್ತಿ. 'ಬಂದರಿನ ಹಳೆಯ ಛತ್ರದ ಪರಿಮಳ' ಎಂದು ಅದರ ಮೇಲೆ ಬರೆದಿತ್ತು. ಹಚ್ಚಿದರೆ ಮನೆಯೆಲ್ಲ ಅನಕಾಪಲ್ಲಿಯ ಬೆಲ್ಲದ ಮಂಡಿಯ ವಾಸನೆ. ನಂಬಿ, ಇರುವೆ ಬಂದವು. ಬೆಲ್ಲವನ್ನೇ ತಂದಿದ್ದರೆ ಪಾಯಸಕ್ಕಾದರೂ ಆಗುತ್ತಿತ್ತು.

ಚಿಕ್ಕಂದಿನಲ್ಲಿ ನನಗೂ ನನ್ನ ಅಣ್ಣನಿಗೂ ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಹುಚ್ಚಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ, ಬೀಡಿ ಅಂಗಡಿಯ ಮುಂದೆ, ಚರಂಡಿಯ ಪಕ್ಕ, ಎಲ್ಲೆಂದರಲ್ಲಿ ಬಗ್ಗಿ ಹೆಕ್ಕುತ್ತಿದ್ದೆವು. ಹುಲಿ, ತಾವರೆ, ಗಡಿಯಾರ, ರೈಲು. ಎರಡು ತಾವರೆ ಕೊಟ್ಟರೆ ಒಂದು ರೈಲು. ಅಮ್ಮ ಯುಗಾದಿಗೆ ಮನೆ ಸಾರಿಸುವಾಗ ಎಲ್ಲವನ್ನೂ ಹಂಡೆಯ ಒಲೆಗೆ ಹಾಕಿಬಿಡುತ್ತಿದ್ದಳು. ನಾವು ಒಂದು ದಿನ ಅತ್ತು ಮತ್ತೆ ಹೆಕ್ಕಲು ಹೋಗುತ್ತಿದ್ದೆವು. ಆ ಚಿತ್ರಗಳನ್ನು ಯಾರೂ ನಮಗಾಗಿ ಅಚ್ಚು ಹಾಕಿರಲಿಲ್ಲ. ಇನ್ನು ಕೆಲವೇ ಉಳಿದಿವೆ, ಬೇಗ ಕೊಳ್ಳಿ ಎಂದು ಯಾರೂ ಹೆದರಿಸುತ್ತಿರಲಿಲ್ಲ. ಈಗಿನದು ಹಾಗಲ್ಲವಲ್ಲ. ಪ್ರತಿ ದೀಪಾವಳಿಗೆ ಅದೇ ಪುಸ್ತಕಕ್ಕೆ ಹೊಸ ಅಂಗಿ ತೊಡಿಸುತ್ತಾರೆ. ಒಮ್ಮೆ ನೀಲಿ ಅಂಚು, ಒಮ್ಮೆ ಬೆಳ್ಳಿ ಅಂಚು, ಒಮ್ಮೆ ಕತ್ತಲಲ್ಲಿ ಹೊಳೆಯುವ ಅಕ್ಷರ. ಒಳಗೆ ಒಂದು ಅಲ್ಪವಿರಾಮವೂ ಬದಲಾಗಿರುವುದಿಲ್ಲ. ಬೈಯುತ್ತ ಬೈಯುತ್ತಲೇ ಕೊಳ್ಳುತ್ತೇವೆ.

ನಮ್ಮೆಜಮಾನರು ಧಾರವಾಡದ ಕಡೆಯವರು. ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿದವರಾದ್ದರಿಂದ ಉಪಯೋಗವಿಲ್ಲದ ವಸ್ತು ಕಂಡರೆ ಮೈಯುರಿ.

"ಪುಸ್ತಕಾ ಓದೂದು ಬ್ಯಾರೆ, ಪುಸ್ತಕದ ಸಂತಿ ಮಾಡೂದು ಬ್ಯಾರೆ," ಎನ್ನುತ್ತಾರೆ. "ನಾಳೆ ಟ್ರಾನ್ಸ್‌ಫರ್ ಬಂದ್ರ ಈ ಬೊಂಬಿಗೋಳನ್ನೆಲ್ಲಾ ಯಾರ ಹೊರಾವ್ರು?"

ಮಗಳು ಧಾತ್ರಿಯದು ಇನ್ನೊಂದು ಬಗೆಯ ಕಾಟ. ನೇರಿಯ ಚಿತ್ರದ ಟೀಶರ್ಟನ್ನು ನನ್ನ ಕಪಾಟಿನಿಂದ ಎತ್ತಿ ಹಾಕಿಕೊಂಡು ಟ್ಯೂಷನ್ನಿಗೆ ಹೋಗುತ್ತಾಳೆ. ಪುಸ್ತಕವನ್ನು ಹತ್ತು ಪುಟದ ಆಚೆ ಓದಿಲ್ಲ.

"ಓದದೇ ಇರೋಳು ಅದನ್ನ ಯಾಕೆ ಹಾಕ್ಕೋತೀಯೇ?" ಎಂದರೆ, "ಬಾಗುಂದಿ ಕದಮ್ಮಾ, ಲುಕ್ಕು. ಎಲ್ಲಾರೂ ಓದಿಯೇ ಹಾಕ್ಕೋಬೇಕಾ?" ಎನ್ನುತ್ತಾಳೆ. ಇಲ್ಲಿಯೇ ಬೆಳೆದ ಮಗು, ಚೆನ್ನಾಗಿದೆ ಎನ್ನುವುದಕ್ಕೆ ತೆಲುಗೇ ಮೊದಲು ಬರುತ್ತದೆ. ನನಗೆ ಸಿಟ್ಟು ಬರುವುದು ತೆಲುಗಿಗಲ್ಲ. ಒಂದು ವರ್ಷ ನನ್ನನ್ನು ಕಾಪಾಡಿದ ಹುಡುಗಿ ಇವಳಿಗೆ ಬರೀ ಲುಕ್ಕಾದಳಲ್ಲ ಎಂದು. ಹಾಗೆಂದು ಆ ಟೀಶರ್ಟು ಕೊಂಡವಳು ನಾನೇ. ಯಾರನ್ನು ಬೈಯಲಿ?

ಈ ಸಂಕಟ ಅರ್ಥವಾಗುತ್ತಿದ್ದದ್ದು ನನ್ನ ಗೆಳತಿ ಇಂದುವಿಗೆ ಮಾತ್ರ.

ಇಂದು ನನಗೆ ಸಿಕ್ಕಿದ್ದು ಇದೇ ಊರಿನ ದ್ವಾರಕಾ ನಗರದ ಒಂದು ಪುಸ್ತಕದ ಅಂಗಡಿಯಲ್ಲಿ. ಹೊಸ ರಕ್ಷಾಪುಟದ ಮೊದಲ ಸಂಪುಟವನ್ನು ಕೈಯಲ್ಲಿ ಹಿಡಿದು, "ಇವರ ಮನೆ ಹಾಳಾಗ, ಮತ್ತೆ ಬಣ್ಣ ಬಳಿದು ತಂದಿದ್ದಾರಲ್ಲ," ಎಂದು ನನ್ನಷ್ಟಕ್ಕೆ ಗೊಣಗಿದೆ. ಹಿಂದಿನಿಂದ ಕನ್ನಡದಲ್ಲೇ ಉತ್ತರ ಬಂತು.

"ನಾನೂ ಅದೇ ಅನ್ಕೊಂತಿದ್ದೆ ಅಕ್ಕಾ. ಹೋದ ವರ್ಷ ತಗೊಂಡ್ವಿ ಕದಾ. ನಮ್ಮನ್ನ ಏನು ಹುಚ್ಚರು ಅನ್ಕೊಂಡಿದಾರಾ ಏಂಟಿ?"

ಹಾಗೆಂದವಳೇ ತಾನೊಂದು ಪ್ರತಿ ಎತ್ತಿಕೊಂಡಳು. ನಾನೂ ಎತ್ತಿಕೊಂಡೆ. ಇಬ್ಬರೂ ಬಿಲ್ಲಿನ ಸಾಲಿನಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಅಲ್ಲಿಂದ ಹೋಟೆಲಿಗೆ ಹೋಗಿ ಪೆಸರಟ್ಟು ತಿನ್ನುವಷ್ಟರಲ್ಲಿ ಅಕ್ಕತಂಗಿಯರಾಗಿದ್ದೆವು.

ಅವಳು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ತಂದೆ ತಿಪ್ಪೇಸ್ವಾಮಿಯವರು ಬಳ್ಳಾರಿ ಕಡೆಯವರು, ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ ಸಿಕ್ಕಿ ವಿಜಯವಾಡಕ್ಕೆ ಬಂದು ಅಲ್ಲಿಯೇ ನಿಂತವರು. ಇಂದು ಹುಟ್ಟಿ ಬೆಳೆದದ್ದು, ಓದಿದ್ದು ಎಲ್ಲ ಅಲ್ಲಿಯೇ. ಅವಳ ಕನ್ನಡ ಅಪ್ಪನ ಜೊತೆ ಮಾತಾಡುವ ಕನ್ನಡ. ಅದರಲ್ಲಿ ಊಟ, ಜ್ವರ, ಸಿಟ್ಟು, ಮುದ್ದು ಇಷ್ಟಕ್ಕೆ ಕನ್ನಡ, ಮಿಕ್ಕಿದ್ದಕ್ಕೆಲ್ಲ ತೆಲುಗು, ಅಲ್ಲವಾ ಎನ್ನುವಲ್ಲೆಲ್ಲ ಕದಾ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆದಾಗ ಇಂದು ಇಲ್ಲಿನ ಕೆಲಸ ಬಿಟ್ಟು ವಿಜಯವಾಡಕ್ಕೆ ಹೋದಳು. ಹೋಗುವ ಮುನ್ನ ನಮ್ಮ ಮನೆಗೆ ಬಂದು, ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದಳು.

ಅಲ್ಲಿ ನಿಂತಿದ್ದಕ್ಕೆ ಕಾರಣ ಒಂದು ಪೆಟ್ಟಿಗೆ. ಆರೂ ಸಂಪುಟ ಒಟ್ಟಿಗಿರುವ, ಕೆಂಪು ಬಟ್ಟೆಯ, ಚಿನ್ನದ ಅಂಚಿನ ವಿಶೇಷ ಆವೃತ್ತಿ. ಮಾರಾಟಕ್ಕೆ ಬಂದ ಬೆಳಿಗ್ಗೆ ನಾನೂ ಅವಳೂ ಒಬ್ಬೊಬ್ಬರು ಒಂದೊಂದು ಫೋನು ಹಿಡಿದು ಕೂತಿದ್ದೆವು. ನನಗೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಇಂಥ ಪೆಟ್ಟಿಗೆಯನ್ನು ಬಿಚ್ಚಬಾರದು ಎಂಬುದು ಅಭಿಮಾನಿಗಳ ಮಡಿ. ಮೇಲಿನ ಪ್ಲಾಸ್ಟಿಕ್ ಹರಿದರೆ ಅದು ಬರೀ ಪುಸ್ತಕವಾಗಿಬಿಡುತ್ತದಂತೆ. ಹಾಗಾಗಿ ನಾನು ಅದನ್ನು ಬಿಚ್ಚಿರಲಿಲ್ಲ. ವಾರಕ್ಕೊಮ್ಮೆ ಧೂಳು ಒರೆಸುತ್ತಿದ್ದೆ. ಓದುವುದಕ್ಕೆ ನನ್ನ ಹಳೆಯ ಸೆಟ್ ಬೇರೆ ಇತ್ತು, ಹುಳಿಯ ಕಲೆ ಬಿದ್ದದ್ದು, ಧಾತ್ರಿ ಕೂಸಾಗಿದ್ದಾಗ ಗೀಚಿದ್ದು.

"ಓದೂದಿಲ್ಲ, ತೆರಿಯೂದಿಲ್ಲ, ಯಾರಿಗೂ ಮುಟ್ಟಗೊಡೂದಿಲ್ಲ," ಎಂದಿದ್ದರು ನಮ್ಮೆಜಮಾನರು. "ಇದೇನ ಪುಸ್ತಕನೋ, ದೇವರ ಪೆಟಗಿನೋ?"

ನನಗೂ ಒಳಗೊಳಗೇ ಅದೇ ಅನುಮಾನವಿತ್ತು. ಆದರೆ ಗಂಡ ಹೇಳಿದ ಮೇಲೆ ಒಪ್ಪುವುದು ಹೇಗೆ? ಸುಮ್ಮನೆ ಧೂಳು ಒರೆಸಿದೆ.

ಆಮೇಲೆ ಆ ವರ್ಷ ಬುಡಮೇರು ಹಳ್ಳ ಉಕ್ಕಿತು. ವಿಜಯವಾಡದ ತಗ್ಗಿನ ಬಡಾವಣೆಗಳಿಗೆಲ್ಲ ನೀರು ನುಗ್ಗಿತು. ಟಿವಿಯಲ್ಲಿ ಬೀದಿಗಳೇ ಕಾಣುತ್ತಿರಲಿಲ್ಲ, ಬರೀ ಮಹಡಿಗಳು. ಇಂದುವಿನದು ನೆಲಮಟ್ಟದ ಮನೆ. ಫೋನು ಸಿಗಲಿಲ್ಲ. ಸಿಂಹಾಚಲದ ದೇವರಿಗೆ ಹರಕೆ ಹೊತ್ತೆ. ಯಾರ ಯಾರಿಗೋ ಫೋನು ಮಾಡಿದೆ. ನಮ್ಮೆಜಮಾನರು, ಎಂದೂ ನನ್ನ ಪುಸ್ತಕದ ಗೆಳತಿಯರ ಬಗ್ಗೆ ಕೇಳದವರು, ಕಚೇರಿಯಿಂದ ಬಂದ ಕೂಡಲೇ, "ಆ ಹುಡಿಗೀದು ಏನರ ತಿಳೀತೇನು?" ಎಂದು ಕೇಳುತ್ತಿದ್ದರು.

ಕೊನೆಗೆ ಅವಳೇ ಫೋನು ಮಾಡಿದಳು. ಅಪ್ಪನನ್ನು ಅಕ್ಕಪಕ್ಕದವರು ಕುರ್ಚಿಯಲ್ಲೇ ಎತ್ತಿ ಮಹಡಿಗೆ ಸಾಗಿಸಿದ್ದರಂತೆ. ಹಾಲು, ನೀರು, ಅನ್ನದ ಪೊಟ್ಟಣ ದೋಣಿಯಲ್ಲಿ ಬರುತ್ತಿತ್ತಂತೆ.

"ನಾವಿಬ್ರೂ ಚೆನ್ನಾಗಿದೀವಿ ಅಕ್ಕಾ," ಎಂದಳು. ಆಮೇಲೆ, "ಪುಸ್ತಕಗಳೆಲ್ಲಾ ಪೋಯಾಯಿ," ಎಂದಳು. ಹೋದವು ಎನ್ನುವ ಕನ್ನಡದ ಮಾತು ಅವಳ ಬಾಯಿಗೆ ಆಗ ಬರಲಿಲ್ಲ.

ನೀರಿಳಿದು, ರೈಲು ಸರಿಯಾಗಿ ಓಡತೊಡಗಿದ ಮೇಲೆ ನೋಡಿಕೊಂಡು ಬರೋಣವೆಂದು ಹೊರಟೆ. ಚಾದರ, ಸೀರೆ, ಚಟ್ನಿಪುಡಿ ಎಲ್ಲ ಕಟ್ಟಿದ ಮೇಲೂ ಚೀಲದಲ್ಲಿ ಜಾಗ ಇತ್ತು. ಕಪಾಟಿನ ಮುಂದೆ ಹೋಗಿ ನಿಂತೆ. ಹಳೆಯ ಸೆಟ್ ಕೊಡಲು ಕೈ ಬರಲಿಲ್ಲ, ಅದರಲ್ಲಿ ನನ್ನ ಆ ಒಂದು ವರ್ಷ ಪೂರ್ತಿ ಇದೆ. ಕೆಂಪು ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಅದಕ್ಕೂ ಕೈ ಬರಲಿಲ್ಲ. ಹೊರಗಿನಿಂದ ನಮ್ಮೆಜಮಾನರು, "ರೈಲು ನಿನ್ನ ಸಲುವಾಗಿ ನಿಂದ್ರೂದಿಲ್ಲ," ಎಂದು ಕೂಗಿದರು. ಪೆಟ್ಟಿಗೆಯನ್ನು ಎತ್ತಿ ಚೀಲಕ್ಕೆ ತುರುಕಿ ಹೊರಟುಬಿಟ್ಟೆ. ಅವರು ಕೂಗದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ರೈಲಿನಲ್ಲಿ ಅದನ್ನು ಮೇಲಿನ ಹಲಗೆಯ ಮೇಲಿಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರಿನ ಸೀಟಿನ ಹೆಂಗಸು ಬಹಳ ಹೊತ್ತು ನೋಡಿ, "ಸ್ವೀಟ್ಸಾ ಅಂಡಿ?" ಎಂದು ಕೇಳಿದಳು. ಪುಸ್ತಕ ಎಂದೆ. ಪಾಪ, ಅವಳ ಮುಖ ಸಪ್ಪಗಾಯಿತು. ರಾಜಮಂಡ್ರಿಯಲ್ಲಿ ಗೋದಾವರಿ ದಾಟುವಾಗ ನದಿ ಇನ್ನೂ ಕೆಂಪಗೆ ತುಂಬಿ ಹರಿಯುತ್ತಿತ್ತು. ಈ ಪೆಟ್ಟಿಗೆ ಬಿಚ್ಚದೆ ಕೊಡಬೇಕೋ, ಬಿಚ್ಚಿ ಕೊಡಬೇಕೋ ಎಂದು ನಾನು ಅಲ್ಲಿಯವರೆಗೂ ಯೋಚಿಸುತ್ತಿದ್ದೆ. ಊರಿಗೆ ಊರೇ ಮುಳುಗಿ ಎದ್ದಿರುವಾಗ ಯೋಚಿಸುವ ವಿಷಯವೇ ಇದು ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಇಂದುವಿನ ಬೀದಿಯಲ್ಲಿ ಪ್ರತಿ ಮನೆಯ ಮುಂದೆಯೂ ಹಾಸಿಗೆ, ಸೋಫಾ, ಬಾಗಿಲು ಉಬ್ಬಿದ ಬೀರು. ಗೋಡೆಗಳ ಮೇಲೆಲ್ಲ ಒಂದೇ ಎತ್ತರಕ್ಕೆ ಕೆಸರಿನ ಗೆರೆ, ಯಾರೋ ದಾರ ಹಿಡಿದು ಎಳೆದ ಹಾಗೆ. ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ತಿಪ್ಪೇಸ್ವಾಮಿಯವರು ಕೂತಿದ್ದರು, ಕೈಯಲ್ಲಿ ಊರುಗೋಲು.

"ಬಾರಮ್ಮಾ, ಕುಂದ್ರು," ಎಂದರು. "ಗೋಡೆಗೆ ಮಾತ್ರ ಒರಗಬ್ಯಾಡ, ಇನ್ನಾ ಹಸಿ ಐತೆ."

ಇಂದು ನನ್ನನ್ನು ಸೀದಾ ಮಹಡಿಗೆ ಕರೆದುಕೊಂಡು ಹೋದಳು. ಅಲ್ಲಿ ಹಳೆಯ ಪಂಚೆಯೊಂದನ್ನು ಹಾಸಿ, ಸಂಡಿಗೆ ಒಣಗಿಸುವ ಹಾಗೆ ಸಾಲಾಗಿ ಇಟ್ಟಿದ್ದಳು: ನೇರಿಯ ಪ್ಲಾಸ್ಟಿಕ್ ಬೊಂಬೆಗಳು, ಲಾಂದ್ರದ ಕೀಚೈನುಗಳು, ಸೀಗಡಿ ಬುಟ್ಟಿಯ ಆಕಾರದ ಪೆನ್‌ಸ್ಟ್ಯಾಂಡು, ಮಗ್ಗುಗಳು, ಬಂದರಿನ ನಕ್ಷೆ ಅಚ್ಚಾದ ಪ್ಲಾಸ್ಟಿಕ್ ಊಟದ ತಟ್ಟೆ. ಎಲ್ಲವೂ ತೊಳೆದು, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಒಂದಕ್ಕೂ ಒಂದು ಗೀರು ಬಿದ್ದಿರಲಿಲ್ಲ.

"ನೋಡಿದಿರಾ ಅಕ್ಕಾ," ಎಂದಳು ಇಂದು. "ಒಂದೂ ಹೋಗಿಲ್ಲ. ನೀರು ಬಂದಾಗ ಹಗುರದ್ದೆಲ್ಲಾ ತೇಲ್ಕೊಂಡು ಗೇಟಾಚೆ ಹೋದ್ವು. ಮೇಲಿಂದ ನೋಡ್ತಿದ್ದೆ. ಹೋದ್ರೆ ಹೋಗ್ಲಿ, ಪೀಡೆ ಪೋಯಿಂದಿ ಅನ್ಕೊಂಡೆ. ಆಮೇಲೆ ದಿನಾ ಒಬ್ಬೊಬ್ರು ಬಂದು ಬಾಗಿಲು ತಟ್ತಾರೆ. ಇದಿ ಮೀದೇನಾ ಅಮ್ಮಾ, ನಿಮ್ಮದೇನಾ ಅಂತಾರೆ. ಮೂರು ಬೀದಿ ಆಚೆಯಿಂದ ಒಬ್ರು ಈ ತಟ್ಟೆ ತಂದ್ಕೊಟ್ರು. ಅವರ ಮನೇಲಿ ಉಣ್ಣಕ್ಕೆ ತಟ್ಟೆ ಇಲ್ಲ ಅಕ್ಕಾ. ಇಟ್ಕೊಳ್ರಿ ಅಂದ್ರೆ, ಬೊಮ್ಮ ಇದೆ, ಪಾಪ ನೀವು ಇಷ್ಟಪಟ್ಟು ತಗೊಂಡಿರ್ತೀರಿ ಅಂತ ಕೊಟ್ಟು ಹೋದ್ರು."

"ಪುಸ್ತಕ?" ಎಂದೆ.

ಅವಳು ಮಹಡಿಯ ಮೂಲೆಯತ್ತ ಕೈ ತೋರಿಸಿದಳು. ಅಲ್ಲೊಂದು ಪ್ಲಾಸ್ಟಿಕ್ ಬಕೆಟ್ಟಿತ್ತು. ಅದರಲ್ಲಿದ್ದದ್ದು ಪುಸ್ತಕವೆಂದು ಹೇಳಿದರಷ್ಟೇ ತಿಳಿಯಬೇಕು. ನೆನೆಸಿದ ಅವಲಕ್ಕಿಯ ಹಾಗಿತ್ತು, ಬೂಷ್ಟು ಹಿಡಿದಿತ್ತು. ಒಂದು ಕಡೆ ಒಂದಿಷ್ಟು ಇಂಗ್ಲಿಷ್ ಅಕ್ಷರ ಕಾಣುತ್ತಿದ್ದವು.

ಆ ಪುಸ್ತಕಗಳ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪ ಆಪರೇಷನ್ ಆಗಿ ಮಲಗಿದ್ದ ತಿಂಗಳುಗಳಲ್ಲಿ ಇಂದು ದಿನಾ ಸಂಜೆ ಪಕ್ಕದಲ್ಲಿ ಕೂತು ಅವನ್ನು ಅವರಿಗೆ ಓದಿ ಹೇಳಿದ್ದಳು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಪುಟದ ಮೇಲೆ ಕಣ್ಣಿಟ್ಟು ಬಾಯಲ್ಲಿ ಬಳ್ಳಾರಿಯ ಕನ್ನಡ, ತೆಲುಗು ಬೆರೆಸಿ ಕಥೆ ಹೇಳುತ್ತ ಹೋಗುತ್ತಿದ್ದಳು. ಹಿಮ ಎಂದರೆ ಎಷ್ಟು ಥಂಡಿ ಎಂದು ಅವರು ಕೇಳಿದರೆ, ಫ್ರಿಜ್ಜಿನೊಳಗೆ ಕೂತ ಹಾಗೆ ಎನ್ನುತ್ತಿದ್ದಳು. ಅಷ್ಟು ದೊಡ್ಡ ಬಂದರಿನಲ್ಲಿ ಸಿಗ್ನಲ್ ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಅವಳೇ ಒಬ್ಬನನ್ನು ನೇಮಿಸುತ್ತಿದ್ದಳು. ಪುಟಗಳ ಅಂಚಿನಲ್ಲಿ ಅಪ್ಪ ಕೇಳಿದ ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಅದೆಲ್ಲ ಈಗ ಆ ಬಕೆಟ್ಟಿನಲ್ಲಿತ್ತು.

"ಸಿಟ್ಟು ಯಾರ ಮೇಲೆ ಬರಬೇಕು ಅನ್ನೋದೇ ಗೊತ್ತಾಗಲ್ಲ ಅಕ್ಕಾ," ಎಂದಳು. "ನೀರಿನ ಮೇಲೆ ಏನಂತ ಸಿಟ್ಟು ಮಾಡ್ಲಿ? ಅದಕ್ಕೆ ಇವುಗಳ ಮೇಲೆ ಬರುತ್ತೆ. ನಗ್ತಾ ನಿಂತಿದಾವೆ ನೋಡಿ." ಒಂದು ಬೊಂಬೆಯನ್ನು ಎತ್ತಿ ಬಿಸಾಡುವವಳಂತೆ ಕೈ ಮೇಲೆ ಮಾಡಿದಳು. ಬಿಸಾಡಲಿಲ್ಲ. ಅದರ ಕಿವಿಯಲ್ಲಿ ಸಿಕ್ಕಿದ್ದ ಕೆಸರನ್ನು ಉಗುರಿನಿಂದ ತೆಗೆದು ಮತ್ತೆ ಸಾಲಿಗೆ ಇಟ್ಟಳು.

ಕೆಳಗೆ ಬಂದ ಮೇಲೆ ನಾನು ಕೆಂಪು ಪೆಟ್ಟಿಗೆಯನ್ನು ಅವಳ ಮುಂದೆ ಇಟ್ಟೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಬೇಡ ಅಕ್ಕಾ. ಇದು ನಿಮ್ಮದು."

"ನನ್ನದೇ. ಅದಕ್ಕೇ ಕೊಡ್ತಿದೀನಿ."

"ಬಿಚ್ಚಿದ್ರೆ ಬೆಲೆ ಹೋಗುತ್ತೆ ಕದಾ. ನಾನು ಇಟ್ಕೊಂಡ್ರೆ ಬಿಚ್ದೆ ಇರಕ್ಕೆ ಆಗಲ್ಲ. ಅಪ್ಪಂಗೆ ಓದ್ಬೇಕು."

"ಬಿಚ್ಚು ಅಂತಾನೇ ತಂದಿರೋದು," ಎಂದೆ. ಮಾತು ಸಲೀಸಾಗಿ ಬಂತು, ಕೈ ಮಾತ್ರ ಇನ್ನೂ ಪೆಟ್ಟಿಗೆಯ ಮೇಲೆಯೇ ಇತ್ತು.

ನಮ್ಮಿಬ್ಬರ ಬೇಡ, ತಗೋ, ಬೇಡ, ತಗೋ ಕೇಳಿ ಕೇಳಿ ತಿಪ್ಪೇಸ್ವಾಮಿಯವರಿಗೆ ಸಾಕಾಯಿತು. "ಪುಸ್ತಕ ತೆಗೆಯಾಕೆ ಇಷ್ಟೊತ್ತೇನಮ್ಮಾ?" ಎನ್ನುತ್ತ, ಪಕ್ಕದಲ್ಲಿ ತರಕಾರಿ ಹೆಚ್ಚಲು ಇಟ್ಟುಕೊಂಡಿದ್ದ ಚಾಕುವಿನಿಂದ ಪ್ಲಾಸ್ಟಿಕ್ಕನ್ನು ಸರ್ರನೆ ಸೀಳಿಬಿಟ್ಟರು. ಚಾಕುವಿಗೆ ಬೆಂಡೆಕಾಯಿಯ ಲೋಳೆ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಇಂದು ಒಂದೊಂದೇ ಪುಸ್ತಕ ತೆಗೆದು, ಮೂಗಿಗೆ ಹಿಡಿದು, ಹೊಸ ಕಾಗದದ ವಾಸನೆ ಎಳೆದುಕೊಂಡು, ಮೊದಲ ಸಾಲು ಓದಿ ಪಕ್ಕಕ್ಕಿಡುತ್ತಿದ್ದಳು. ಅವಳ ಮುಖ ನೋಡಿ, ಇಷ್ಟು ದಿನ ಧೂಳು ಒರೆಸಿದ್ದೆಲ್ಲ ದಂಡ ಅನ್ನಿಸಿತು.

ನಾಲ್ಕನೆಯದನ್ನು ತೆರೆದವಳು ನಿಂತಳು. ಮೂರನೆಯದನ್ನು ಮತ್ತೆ ಎತ್ತಿ ನೋಡಿದಳು. ಎರಡನ್ನೂ ಪಕ್ಕಪಕ್ಕ ಹಿಡಿದು ಪುಟ ತಿರುಗಿಸಿದಳು.

"ಅಕ್ಕಾ, ಇದು ಮೂರು. ಇದೂ ಮೂರೇ."

ನಂಬದೆ ನಾನೇ ನೋಡಿದೆ. ಹೊರಗೆ ಚಿನ್ನದ ಅಕ್ಷರದಲ್ಲಿ ನಾಲ್ಕು ಎಂದಿದೆ. ಒಳಗೆ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಮೂರನೆಯ ಪುಸ್ತಕ. ಇಷ್ಟು ವರ್ಷ ನಾನು ಕಪಾಟಿನಲ್ಲಿ ಪೂಜಿಸಿದ ಪೆಟ್ಟಿಗೆಯಲ್ಲಿ ನಾಲ್ಕನೆಯ ಸಂಪುಟವೇ ಇರಲಿಲ್ಲ.

ಮಾರಿದವರ ನಂಬರು ಪೆಟ್ಟಿಗೆಯ ತಳದಲ್ಲೇ ಇತ್ತು. ಅಲ್ಲಿಯೇ ಕೂತು ಫೋನು ಮಾಡಿದೆ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಬಂದಳು. ಯಾವ ಊರಿನವಳೋ, ಕನ್ನಡದಲ್ಲೇ ಮಾತಾಡಿದಳು, ಅದೊಂದು ಸಮಾಧಾನ.

"ಮೇಡಂ, ಮೇಲಿನ ಕವರ್ ಓಪನ್ ಮಾಡಿದೀರಾ?"

"ಮಾಡ್ದೆ ಒಳಗೇನಿದೆ ಅಂತ ಹೇಗಮ್ಮಾ ಗೊತ್ತಾಗುತ್ತೆ?"

"ಕರೆಕ್ಟ್ ಮೇಡಂ. ಆದ್ರೆ ಓಪನ್ ಮಾಡಿದ್ರೆ ನಾವು ವಾಪಸ್ ತಗೊಳಲ್ಲ."

"ಓಪನ್ ಮಾಡ್ದೇ ಇದ್ದಿದ್ರೆ?"

"ಆಗ ಕಂಪ್ಲೇಂಟೇ ಇರ್ತಿರ್ಲಿಲ್ಲ ಅಲ್ವಾ ಮೇಡಂ."

ಇದಕ್ಕೆ ಏನು ಹೇಳುತ್ತೀರಿ? ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬಹಳ ಮೃದುವಾಗಿ, ನಿಮಗಾದ ಬೇಸರಕ್ಕೆ ನಮ್ಮ ಕಡೆಯಿಂದ ಒಂದು ಕೀಚೈನ್ ಕಳಿಸುತ್ತೇವೆ, ವಿಳಾಸ ಹೇಳಿ ಎಂದಳು. ಇಂದು ನನ್ನ ಕೈಯಿಂದ ಫೋನು ಕಿತ್ತುಕೊಂಡು, "ವದ್ದಮ್ಮಾ ತಲ್ಲಿ, ವದ್ದು," ಬೇಡ ತಾಯಿ ಬೇಡ ಎಂದು ಕೈಮುಗಿಯುವ ದನಿಯಲ್ಲಿ ಹೇಳಿ ಕಟ್ ಮಾಡಿದಳು. ಆಮೇಲೆ ನಗಲು ಶುರು ಮಾಡಿದಳು. ನೀರು ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲಂತೆ, ಅವರಪ್ಪ ಆಮೇಲೆ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ಕೊಡುವುದಾದರೂ ಒಂದು ನೆಟ್ಟಗಿನ ವಸ್ತು ಕೊಡಲಾಗಲಿಲ್ಲವಲ್ಲ ಎಂದು ಅವಮಾನವಾಗಿತ್ತು.

"ನನ್ನ ಹಳೇ ಸೆಟ್ಟಿಂದ ನಾಲ್ಕನೇದು ಕಳಿಸ್ತೀನಿ ಬಿಡು," ಎಂದೆ. "ಹುಳಿ ಬಿದ್ದಿದೆ, ಆದ್ರೆ ಅಕ್ಷರ ಕಾಣುತ್ತೆ."

ಬೆಂಡೆಕಾಯಿ ಹೆಚ್ಚುತ್ತಿದ್ದ ತಿಪ್ಪೇಸ್ವಾಮಿಯವರು ತಲೆಯೆತ್ತಿದರು.

"ಯಾವ್ದು ಇಲ್ಲ ಅಂದ್ರಿ?"

"ನಾಲ್ಕನೇದಪ್ಪಾ," ಎಂದಳು ಇಂದು.

"ಅದ್ರಾಗೇ ಅಲ್ಲೇನು, ಹಾಸ್ಕಿನ್ ಹೋಗೋದು?"

ಓದದವರಿಗೆ ಹೇಳಬೇಕು. ಹಾಸ್ಕಿನ್ ಆ ಬಂದರಿನ ಮುದಿ ಅಂಬಿಗ. ಕುಂಟುಗಾಲು, ಮಾತು ಒರಟು. ನಾಲ್ಕನೆಯ ಪುಸ್ತಕದ ಕೊನೆಯಲ್ಲಿ ಬಿರುಗಾಳಿಗೆ ಸಿಕ್ಕವರನ್ನು ಕರೆತರಲು ದೋಣಿ ಬಿಚ್ಚಿಕೊಂಡು ಹೋಗುತ್ತಾನೆ. ಅವರು ಬರುತ್ತಾರೆ, ಅವನು ಬರುವುದಿಲ್ಲ. ಮಲಗಿದಲ್ಲಿಂದಲೇ ಆ ಭಾಗ ಕೇಳಿದ ಸಂಜೆ ತಿಪ್ಪೇಸ್ವಾಮಿಯವರು ಬರೆದವರನ್ನು ಬಾಯಿಗೆ ಬಂದಂತೆ ಬೈದಿದ್ದರೆಂದು ಇಂದು ಹಿಂದೊಮ್ಮೆ ಹೇಳಿದ್ದು ನೆನಪಾಯಿತು.

"ಹೂಂ ಅಪ್ಪಾ, ಅದ್ರಲ್ಲೇ."

ಅವರು ಸ್ವಲ್ಪ ಹೊತ್ತು ಗೋಡೆಯ ಮೇಲಿನ ಕೆಸರಿನ ಗೆರೆಯನ್ನೇ ನೋಡಿದರು.

"ಹಂಗಾದ್ರೆ ಕಳಿಸಬ್ಯಾಡಮ್ಮಾ," ಎಂದರು ನನಗೆ. "ಈ ಪೆಟಿಗ್ಯಾಗೆ ಅವ್ನು ಇನ್ನಾ ಇದಾನೆ. ಇರ್ಲಿ ಬಿಡು. ನೀರಿನಾಗೆ ಈಗಾಗ್ಲೇ ಬೇಕಾದಷ್ಟು ಹೋಗೈತೆ."

ಇಂದು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ನೆಲಕ್ಕೆ ತಾಗದಂತೆ ಬೀರುವಿನ ಮೇಲೆ ಇಟ್ಟಳು. ಆಮೇಲೆ ಅವರು ಹೆಚ್ಚುತ್ತಿದ್ದ ಬೆಂಡೆಕಾಯಿಯನ್ನು ನಾನು ತೆಗೆದುಕೊಂಡೆ. ಮೂವರೂ ಊಟ ಮಾಡಿದೆವು, ನಕ್ಷೆ ಇರುವ ಆ ತಟ್ಟೆ ನನ್ನ ಪಾಲಿಗೆ ಬಂತು.

ಅಭಿಮಾನಿ ಎನ್ನುವ ನಮ್ಮ ಜಾತಿಯ ಮೇಲೆ ನನ್ನ ಸಿಟ್ಟು ಇಳಿದಿದೆ ಎಂದು ತಿಳಿಯಬೇಡಿ. ಈ ದೀಪಾವಳಿಗೆ ಹಸಿರು ಅಂಚಿನ ಹೊಸ ಆವೃತ್ತಿ ಬರುತ್ತದಂತೆ. ಪ್ರಕಟಣೆ ನೋಡಿದಾಗಿನಿಂದ ಮೈ ಉರಿಯುತ್ತಿದೆ, ಕೊಳ್ಳಬೇಕೆಂದೂ ಅನ್ನಿಸುತ್ತಿದೆ. ಕಪಾಟಿನಲ್ಲಿ ಪೆಟ್ಟಿಗೆ ಇದ್ದ ಜಾಗಕ್ಕೆ ನಮ್ಮೆಜಮಾನರು ತಮ್ಮ ಪಾನಾ ಸ್ಪ್ಯಾನರುಗಳ ಡಬ್ಬ ತಂದಿಟ್ಟಿದ್ದಾರೆ, ಕೇಳಿದರೆ, "ಖಾಲಿ ಇತ್ತಲ್ಲ," ಎನ್ನುತ್ತಾರೆ.

ಮೊನ್ನೆ ಇಂದು ಫೋನು ಮಾಡಿದ್ದಳು. ಸಾಕುಸಾಕಾಗಿ ಹೋದದ್ದು ದನಿಯಲ್ಲೇ ತಿಳಿಯುತ್ತಿತ್ತು.

"ಅಕ್ಕಾ, ನಂಗೆ ತಲೆ ಕೆಡ್ತಾ ಇದೆ. ಅಪ್ಪಂಗೆ ಐದನೇ ಪುಸ್ತಕ ಓದ್ತಾ ಇದೀನಿ. ಅದ್ರಲ್ಲಿ ಹಾಸ್ಕಿನ್ ಇಲ್ಲ ಕದಾ. ಅಪ್ಪ ಬಿಡಲ್ಲ. ಪುಟಕ್ಕೊಂದು ಸಲ ಮುದುಕ ಎಲ್ಲಿದಾನೆ, ಏನ್ ಮಾಡ್ತಿದಾನೆ ಅಂತ ಕೇಳ್ತಾರೆ. ಎಲ್ಲಾ ಕಡೆ ನಾನೇ ಅವನನ್ನ ತಂದು ಸೇರಿಸ್ಬೇಕು. ನೆನ್ನೆ ಏನೂ ತೋಚ್ದೆ, ಅವನಿಗೆ ಜ್ವರ, ಮನೇಲಿ ಮಲಗಿದಾನೆ ಅಂದ್ಬಿಟ್ಟೆ. ಅಪ್ಪ ಅರ್ಧ ಊಟಕ್ಕೇ ಎದ್ರು. ಇವತ್ತು ಸಂಜೆ ಒಳಗೆ ಅವನ ಜ್ವರ ಇಳಿಸ್ಬೇಕು. ಏನ್ ಕೊಡ್ಲಿ ಹೇಳಿ."

"ಮೆಣಸಿನ ಸಾರು ಕೊಡು," ಎಂದೆ.

"ಆ ಹಿಮದ ಊರಲ್ಲಿ ಮೆಣಸಿನ ಸಾರು ಯಾರು ಮಾಡ್ತಾರೆ ಅಕ್ಕಾ?"

"ನೇರಿ ಮಾಡ್ತಾಳೆ. ಬೆಳ್ಳುಳ್ಳಿ ಜಾಸ್ತಿ ಹಾಕು ಅಂತ ಹೇಳು," ಎಂದೆ. ಅವಳು ಸರೇ ಎಂದು ಫೋನಿಟ್ಟಳು, ಓದುವ ಹೊತ್ತಾಗಿತ್ತು.